ಉಪವಾಸ ನೀವು ಮಾಡಿ, ಅವಳು ಉಣ್ಣಲಿ

ನಿನ್ನೆ ಅಂಗಾರಕಿ ಸಂಕಷ್ಟಿ, ಅಂದರೆ ಮಂಗಳವಾರ ಬಂದ ಸಂಕಷ್ಟಿ; ಚಂದ್ರ ಮೂಡುವ ತನಕ ಉಪವಾಸ. ಪ್ರಭಾದೇವಿಯ ಸಿದ್ಧಿವಿನಾಯಕನ ಸಾಲು ಹೇಗಿತ್ತೆಂದು ಮುಂಬೈಯವರಿಗೆ ಹೇಳಬೇಕಾಗಿಲ್ಲ. ಸಂಜೆ ಆರರ ಹೊತ್ತಿಗೆ ಆ ಸಾಲಿನಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿತ್ತು. ಏಳೋ ಎಂಟೋ ತಿಂಗಳ ಬಸುರಿ, ಕಂಕುಳಲ್ಲಿ ಆಸ್ಪತ್ರೆಯ ಫೈಲು.

"ಅತ್ತೀ, ಮುಂಜಾನೆ ಇಂಜೆಕ್ಷನ್ ತಗೊಂಡೀನ್ರೀ. ಕೈ ನಡಗಾಕ್ಹತ್ಯಾವ."

"ಇನ್ನೊಂದು ಮೂರು ತಾಸು ತಡಕೊ ನಮ್ಮವ್ವ, ಚಂದ್ರ ಮೂಡತಾನ. ಕೂಸಿನ ಸಲುವಾಗೇ ಅಲ್ಲೇನು ಇದೆಲ್ಲಾ?"

ಆ ಅತ್ತೆಯ ದನಿಯಲ್ಲಿ ಗದರಿಕೆ ಇರಲಿಲ್ಲ, ಅಕ್ಕರೆಯೇ ಇತ್ತು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಅಷ್ಟರಲ್ಲಿ ದರ್ಶನ ಮುಗಿಸಿ ಹೊರಬರುತ್ತಿದ್ದ ಮರಾಠಿ ಬಾಯಿಯೊಬ್ಬರು ಆ ಹುಡುಗಿಯ ಬೆವರಿದ ಮುಖ ನೋಡಿ ನಿಂತರು. ಡಬ್ಬಿ ತೆಗೆದು ಎರಡು ಪೇಢೆ ಅವಳ ಕೈಗಿಟ್ಟು "ಖಾ ಬಾಳಾ, ಪ್ರಸಾದ್ ಆಹೆ" ಅಂದರು. ಪ್ರಸಾದಕ್ಕೆ ಬೇಡ ಎನ್ನಲು ಯಾವ ಅತ್ತೆಗೆ ಬಾಯಿ ಬಂದೀತು? ಹುಡುಗಿ ತಿಂದಳು. ಆ ತಾಯಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆಸ್ಪತ್ರೆಯಲ್ಲಿ ಇಂಥ ಬಸುರಿಯರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಇದನ್ನು ಬರೆಯದೆ ಇರಲಾರೆ. ಹೈ ರಿಸ್ಕ್, ಅಂದರೆ ಶುಗರ್, ಬಿಪಿಯಂಥ ತೊಂದರೆಯಿಂದ ಅಪಾಯ ಹೆಚ್ಚು, ಎಂದು ಫೈಲಿನ ಮೇಲೆ ಬರೆದ ಬಸುರಿಯ ಕೈಯಲ್ಲಿ ಉಪವಾಸ ಮಾಡಿಸಬೇಡಿ. ವ್ರತ ಬೇಕೇ? ಮನೆಯಲ್ಲಿ ಅತ್ತೆ ಇದ್ದಾರೆ, ಅವ್ವ ಇದ್ದಾರೆ, ಗಂಡ ಇದ್ದಾನೆ. ಅವಳ ಹೆಸರಿನಲ್ಲಿ ಸಂಕಲ್ಪ ಮಾಡಿ ಅವರು ಹಿಡಿಯಲಿ. ಅವಳು ಉಣ್ಣಲಿ.

ಶುಗರ್ ಇಳಿಸಲು ಬೆಳಗ್ಗೆ ಚುಚ್ಚಿದ ಇನ್ಸುಲಿನ್‌ಗೆ ಇವತ್ತು ಸಂಕಷ್ಟಿ ಎಂದು ಗೊತ್ತಾಗುವುದಿಲ್ಲ. ಹೊತ್ತುಹೊತ್ತಿಗೆ ಊಟ ಬರುತ್ತದೆಂಬ ಲೆಕ್ಕದಲ್ಲಿ ಅದರ ಪ್ರಮಾಣ ಗೊತ್ತುಮಾಡಿರುತ್ತಾರೆ. ಊಟ ಬಾರದಿದ್ದರೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ರಕ್ತದಲ್ಲಿನ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ. ಕೈ ನಡುಕ, ತಣ್ಣನೆಯ ಬೆವರು, ಎದೆ ಡವಡವ, ಕಣ್ಣು ಮಂಜಾಗುವುದು ಎಲ್ಲ ಅದರ ಲಕ್ಷಣಗಳೇ. ಆಗ ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಆಗಲೂ 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಏರಿದ ಮೇಲೆ ರೊಟ್ಟಿಯೋ ಅನ್ನವೋ ಹೊಟ್ಟೆಗೆ ಬೀಳಲೇಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರ್ನಾಳಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ.

"ಹಾಗಾದರೆ ಉಪವಾಸದ ದಿನ ಇಂಜೆಕ್ಷನ್ನೇ ಬಿಡಿಸ್ತೀವಿ" ಅನ್ನುವವರೂ ಇದ್ದಾರೆ. ಬಿಡಿಸಿ, ಸಾಬುದಾಣಿ ಖಿಚಡಿ ತಿನ್ನಿಸುತ್ತಾರೆ. ಸಾಬುದಾಣಿ ಎಂದರೆ ಬಹುಮಟ್ಟಿಗೆ ಬರಿಯ ಪಿಷ್ಟ. ಅದರ ಜೊತೆ ಬಟಾಟೆ, ಮೇಲೊಂದು ಬಾಳೆಹಣ್ಣು, ಖರ್ಜೂರ. ಸಕ್ಕರೆ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ತಾಯಿಯ ಸಕ್ಕರೆ ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಬಂದ ಸಕ್ಕರೆಯನ್ನು ಸಂಭಾಳಿಸಲು ಮಗುವೇ ಹೆಚ್ಚು ಇನ್ಸುಲಿನ್ ಮಾಡಿಕೊಳ್ಳುತ್ತದೆ, ಮೈ ಬೆಳೆಯುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ಸಕ್ಕರೆಯ ಹರಿವು ನಿಂತು, ಇನ್ಸುಲಿನ್ ಮಾತ್ರ ಉಳಿದು, ಹುಟ್ಟಿದ ಕೂಸಿನ ಶುಗರ್ ಕುಸಿಯುತ್ತದೆ. ಗುಂಡುಗುಂಡಾದ ಮಗು ಎಂದು ಸಂಭ್ರಮಿಸುವಾಗಲೇ ಅದನ್ನು ಗಾಜಿನ ಪೆಟ್ಟಿಗೆಗೆ ಒಯ್ದಿರುತ್ತಾರೆ.

ಅವಳಿಗೆ ಬೇಕಾದದ್ದು ದಿನಕ್ಕೆ ಮೂರು ಹದವಾದ ಊಟ, ನಡುವೆ ಎರಡು ಮೂರು ಸಲ ಸಣ್ಣ ತಿಂಡಿ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮಡಿಕೆಕಾಳಿನ ಉಸುಳಿ, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ. ನಮ್ಮ ಅಡುಗೆಮನೆಯಲ್ಲಿ ಎಲ್ಲ ಇದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಎರಡು ತಾಸಿಗೆ 120ಕ್ಕಿಂತ ಕಡಿಮೆ, ಇದು ಗುರಿ. ಈ ಅಂಕಿಗಳು ಅತ್ತೆಗೂ ಬಾಯಿಪಾಠ ಆಗಿರಲಿ, ಗಂಡನಿಗೂ.

ಈಗ ಯಾರಾದರೂ ಕಾಮೆಂಟಿನಲ್ಲಿ ಕೇಳುತ್ತೀರಿ, ಗೊತ್ತು. "ನಮ್ಮಜ್ಜಿ ಎಂಟು ಹಡೆದಳು, ಒಂದು ಏಕಾದಶಿಯೂ ಬಿಡಲಿಲ್ಲ." ಎಂಟರಲ್ಲಿ ಉಳಿದವರೆಷ್ಟು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಎಷ್ಟೋ ಮನೆಗಳಲ್ಲಿ ಉತ್ತರ ಹೇಳುವಾಗ ದನಿ ಇಳಿಯುತ್ತದೆ. ಆ ಅಜ್ಜಿಯರ ನಂಬಿಕೆಯಲ್ಲಿ ಕೊರತೆ ಇರಲಿಲ್ಲ. ಬಿಪಿ ನೋಡುವವರು ಇರಲಿಲ್ಲ.

ನಾನು ನಂಬಿಕೆಯ ವಿರುದ್ಧ ಬರೆಯುತ್ತಿಲ್ಲ. ನನಗೂ ದೇವರು ಬೇಕು. ಮೂವತ್ತನೇ ವಾರಕ್ಕೇ ವಾರ್ಡಿನಲ್ಲಿ ಮಲಗಿದ ಹೆಣ್ಣುಮಗಳಿಗೆ ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದಾಗ, ಅವ್ವ ಪಕ್ಕದಲ್ಲಿ ಕೂತು ಮೆಲ್ಲಗೆ ಲಲಿತಾ ಸಹಸ್ರನಾಮ ಹೇಳಿದರೆ ಅವಳ ಉಸಿರಾಟ ನಿಧಾನವಾಗುತ್ತದೆ, ಬಿಗಿದ ಮುಷ್ಟಿ ಸಡಿಲವಾಗುತ್ತದೆ. ಅದನ್ನು ಕೊಡುವ ಮಾತ್ರೆ ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಭಯದಲ್ಲಿರುವವಳಿಗೆ ನಂಬಿಕೆ ಆಸರೆಯಾಗಬೇಕು, ತಲೆಯ ಮೇಲಿನ ಹೊರೆಯಾಗಬಾರದು. "ನೀನು ಸರಿಯಾಗಿ ಪೂಜೆ ಮಾಡ್ಲಿಲ್ಲ, ಅದಕ್ಕೇ ಬಿಪಿ ಏರಿತು" ಎಂಬ ಮಾತು ಬಸುರಿಯ ಎದುರು ಆಡುವುದು ಕ್ರೌರ್ಯ.

ಬಿಪಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮನೆಯವರು ಕೈಜೋಡಿಸಬಹುದಾದ ಅತಿ ದೊಡ್ಡ ಕೆಲಸ ಅಲ್ಲೇ ಇದೆ. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಕೊಳ್ಳಿ, ಮಣಿಕಟ್ಟಿನದು ಬೇಡ. ಪಟ್ಟಿ ಅವಳ ತೋಳಿನ ಅಳತೆಯದೇ ಇರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿ ತೋರಿಸುತ್ತದೆ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು, ಮಾತಾಡಬಾರದು. ಅರ್ಧ ತಾಸು ಮುಂಚೆ ಚಹಾ ಕುಡಿದಿರಬಾರದು. ಕುಪ್ಪಸದ ತೋಳಿನ ಮೇಲಲ್ಲ, ಬರಿ ತೋಳಿಗೆ ಕಟ್ಟಿ, ಕೈಯನ್ನು ಎದೆಯ ಮಟ್ಟಕ್ಕೆ ದಿಂಬಿನ ಮೇಲಿಡಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ತಾರೀಕು ಹಾಕಿ ಬರೆಯಿರಿ. ಬರೆಯುವ ಕೆಲಸ ಗಂಡನದ್ದಾಗಲಿ.

140/90 ಮುಟ್ಟಿದರೆ ಅವತ್ತೇ ಡಾಕ್ಟರಿಗೆ ಹೇಳಬೇಕು. 160/110 ಬಂದು, ಹದಿನೈದು ನಿಮಿಷದ ಮೇಲೂ ಹಾಗೇ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಅಂಕಿ ಏನೇ ಇರಲಿ, ಬಿಡದ ತಲೆನೋವು, ಕಣ್ಣೆದುರು ಮಿಂಚು, ಬಲ ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಒಮ್ಮೆಲೇ ಊದುವುದು, ರಕ್ತ ಹೋಗುವುದು, ನೀರು ಒಡೆಯುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಪಕ್ಕೆಯ ನೋವನ್ನು ಪಿತ್ತ ಎಂದು ಜೀರಿಗೆ ಕಷಾಯ ಕೊಟ್ಟು ಮಲಗಿಸಿದ ಮನೆಗಳಿವೆ.

ಉಪವಾಸದ ದಿನ ಶುಗರ್ ಒಂದೇ ಅಲ್ಲ, ಬಿಪಿ ಮಾತ್ರೆಯೂ ತಪ್ಪುತ್ತದೆ. ಲ್ಯಾಬೆಟಲಾಲ್ ಅನ್ನು ದಿನಕ್ಕೆ ಎರಡು ಮೂರು ಸಲ ಬರೆದುಕೊಡುವುದು ಅದರ ಪ್ರಭಾವ ಕೆಲವೇ ತಾಸು ಇರುವುದರಿಂದ. ಚಂದ್ರೋದಯದ ತನಕ ತಡೆದರೆ ಬಿಪಿ ತಡೆಯುವುದಿಲ್ಲ. ಇನ್ನೊಂದು ಮಾತು, ಅತ್ತೆಯ ಬಿಪಿ ಮಾತ್ರೆಯನ್ನು ಸೊಸೆಗೆ ಎಂದೂ ಕೊಡಬೇಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯವು ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಹಾಗೆಯೇ, ಡಾಕ್ಟರು ನಾಲ್ಕನೇ ತಿಂಗಳೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರುಮಾಡಿದ್ದರೆ "ರಕ್ತ ತೆಳುವಾಗೋ ಮಾತ್ರೆ ಬಸುರಿಗ್ಯಾಕೆ" ಎಂದು ನೀವೇ ನಿಲ್ಲಿಸಬೇಡಿ. ಬಿಪಿ ಮುಂದೆ ವಿಪರೀತಕ್ಕೆ ಹೋಗದಿರಲೆಂದೇ ಅದನ್ನು ಕೊಟ್ಟಿರುತ್ತಾರೆ.

ಕಬ್ಬಿಣದ ಮಾತ್ರೆಯ ಕಥೆಯೂ ಇದೇ. ಕ್ಯಾಲ್ಸಿಯಂ ಜೊತೆಗೆ, ಹಾಲಿನ ಜೊತೆಗೆ, ಚಹಾದ ಬೆನ್ನಿಗೆ ಕೊಟ್ಟರೆ ಅದು ಮೈಗೆ ಹತ್ತುವುದಿಲ್ಲ. ಎರಡು ತಾಸಿನ ಅಂತರ ಇಟ್ಟು ಲಿಂಬೆ ನೀರಿನ ಜೊತೆ ಕೊಡಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ.

ಮುಂಬೈ ಕನ್ನಡಿಗರಿಗೆ ಬೇರೆಯದೇ ಒಂದು ತೊಡಕಿದೆ. ಏಳನೇ ತಿಂಗಳಲ್ಲಿ ಕುಬಸ (ಸೀಮಂತ) ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದು. ಡೊಂಬಿವಲಿಯಿಂದ ಹುಬ್ಬಳ್ಳಿಗೋ ವಿಜಯಪುರಕ್ಕೋ ರಾತ್ರಿ ಬಸ್ಸು, ಕುರ್ಲಾದಿಂದ ಕೊಂಕಣದ ಸುರಂಗಗಳನ್ನು ದಾಟಿ ಮಂಗಳೂರಿಗೆ ರೈಲು. ಆರೋಗ್ಯವಂತ ಬಸುರಿಗೆ ಸರಿ. ಬಿಪಿ ಇರುವವಳಿಗೆ, ಮಾಸು ಕೆಳಗೆ ಕೂತಿರುವವಳಿಗೆ ನಡುದಾರಿಯಲ್ಲಿ ರಕ್ತ ಹೋಗತೊಡಗಿದರೆ ಏನು ಮಾಡುತ್ತೀರಿ? ಮಗಳು ಹೋಗುವ ಬದಲು ಅವ್ವನೇ ಮುಂಬೈಗೆ ಬರಲಿ. ತವರೆಂದರೆ ಅವ್ವ ಇದ್ದಲ್ಲಿ. ಕಳಿಸಲೇಬೇಕಾದರೆ ಡಾಕ್ಟರು ಒಪ್ಪಿದ ಮೇಲೆ, ಬೇಗನೆ, ಸೋನೋಗ್ರಫಿ ರಿಪೋರ್ಟು ರಕ್ತದ ಗುಂಪು ಎಲ್ಲ ಇರುವ ಫೈಲಿನೊಡನೆ, ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಹಚ್ಚಿಸಿ ಕಳಿಸಿ. ಇಲ್ಲೇ ಇದ್ದರೂ ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತ ದಿನ ಯಾವ ರಸ್ತೆಯಿಂದ ಹೋಗುವುದೆಂದು ಮುಂಚೆಯೇ ಗೊತ್ತುಮಾಡಿಟ್ಟುಕೊಳ್ಳಿ. ರಕ್ತ ಕೊಡಬಲ್ಲ ಇಬ್ಬರ ಫೋನ್ ನಂಬರು ಫೈಲಿನ ಮೊದಲ ಪುಟದಲ್ಲೇ ಇರಲಿ. ಖಾಸಗಿಗೆ ಹಣ ಸಾಲದವರು ಪ್ರತಿ ತಿಂಗಳ 9ನೇ ತಾರೀಕು ನೆನಪಿಡಿ. 2016ರಿಂದ ಅವತ್ತು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ.

ಕುಬಸದ ದಿನದ ಬಗ್ಗೆಯೂ ಒಂದು ಮಾತು. ಊದಿದ ಕೈಗೆ ಬಿಗಿಯಾದ ಹಸಿರು ಬಳೆ ಏರಿಸಬೇಡಿ, ಸಿಜೇರಿಯನ್‌ಗೆ ಒಯ್ಯುವ ಗಡಿಬಿಡಿಯಲ್ಲಿ ಒಡೆದೇ ತೆಗೆಯಬೇಕಾಗುತ್ತದೆ. ಐದು ಬಗೆಯ ಸಿಹಿಯನ್ನು ಐದು ಜನ ಮುತ್ತೈದೆಯರು ಶುಗರ್ ಇರುವವಳ ಬಾಯಿಗೆ ತುರುಕುವುದೂ ಬೇಡ. ಉಡಿ ತುಂಬಿ, ಆರತಿ ಮಾಡಿ, ಹಾಡು ಹೇಳಿ. ಅವಳನ್ನು ಕುರ್ಚಿಯಲ್ಲಿ ಕೂರಿಸಿ.

ಹೆರಿಗೆ ಆದ ಕೂಡಲೇ ಎಲ್ಲರ ಕಣ್ಣು ಕೂಸಿನ ಮೇಲೆ. ಆದರೆ ಬಿಪಿ ಮತ್ತೆ ಏರುವುದು ಹೆಚ್ಚಾಗಿ ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ, ಬಾಣಂತಿ ಮನೆಗೆ ಬಂದ ಮೇಲೆ. ಅವಳು ತಲೆನೋವು ಅಂದರೆ ತಂಡಿ ಹತ್ತಿದೆ ಎಂದು ಬಟ್ಟೆ ಬಿಗಿದು ಕತ್ತಲ ಕೋಣೆಯಲ್ಲಿ ಮಲಗಿಸಬೇಡಿ. ಮೊದಲು ಯಂತ್ರ ತನ್ನಿ, ತೋಳಿಗೆ ಕಟ್ಟಿ. ಆರು ವಾರದ ತಪಾಸಣೆ ಆಗುವವರೆಗೂ ಆ ವಹಿ ಬರೆಯುತ್ತಲೇ ಇರಿ.

ಹರಕೆ ಹೊತ್ತಿದ್ದೀರಿ, ತೀರಿಸಬೇಕು, ಸರಿ. ವಿರಾರಿನ ಜೀವದಾನಿ ದೇವಿಯ ಗುಡಿಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹೊಲಿಗೆಯ ಗಾಯ ಹಸಿ ಇರುವ ಬಾಣಂತಿಯನ್ನು ಹತ್ತಿಸಬೇಡಿ. ಅವಳ ಗಂಡ ಹತ್ತಿ, ಕಾಯಿ ಒಡೆಸಿ, ಪ್ರಸಾದ ತಂದು ಅವಳ ಕೈಗಿಡಲಿ.