ಸತ್ಯಾಂಶ: ಮನೋವೈದ್ಯರು ಕೊಡುವುದು ಬರೀ ನಿದ್ದೆ ಮಾತ್ರೆಯೇ?

"ಮನೋವೈದ್ಯರ ಹತ್ರ ಒಮ್ಮೆ ಹೋದ್ರೆ ಮುಗೀತು, ನಿದ್ದೆ ಮಾತ್ರೆ ಕೊಟ್ಟು ಸಾಯೋವರೆಗೂ ಚಟ ಹಿಡಿಸ್ತಾರೆ." ಬಳ್ಳಾರಿಯ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಈ ಸಂದೇಶ ನಿಜವಲ್ಲ.

ಚಿಕ್ಕಮ್ಮನನ್ನು ನಾನೇ ಕರೆದುಕೊಂಡು ಹೋಗಿದ್ದೆ. ನಾವು ಹೋದ ಕೂಡಲೇ ವೈದ್ಯರು ಮಾತ್ರೆ ಬರೆಯಲಿಲ್ಲ. ನಿದ್ದೆ ಹೇಗಿದೆ, ರೊಟ್ಟಿ ಸೇರುತ್ತಾ, ಬೇಜಾರು ಯಾವಾಗಿನಿಂದ ಅಂತ ನಿಧಾನವಾಗಿ ಕೇಳಿದರು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು. ಅದು ಏರುಪೇರಾದರೂ ಮನಸ್ಸು ಕುಗ್ಗುತ್ತದೆ. ಮನೋವೈದ್ಯರೂ ಎಂಬಿಬಿಎಸ್ ಓದಿದವರೇ ಅಲ್ವಾ?

ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ನಾವೇ ಸುಮ್ನೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದು. ಅದಕ್ಕೇ ವೈದ್ಯರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಕೆಲವು ನಿದ್ದೆ ಮಾತ್ರೆಗಳು ಜಾಸ್ತಿ ದಿನ ತಿಂದರೆ ಅಭ್ಯಾಸವಾಗುವುದು ಮಾತ್ರ ನಿಜ. ಅವು ಕೆಲವೇ ದಿನಗಳ ಮಟ್ಟಿಗೆ.

1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಊರಿನ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ನಮ್ಮ ಬಳ್ಳಾರಿಯಲ್ಲೇ ನಡೆಸಿದ ಪ್ರಯೋಗ, 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂಥ ಊರಲ್ಲಿ ಹೆದರಿಕೆ ಹರಡುವುದು ನೋವಿನ ಸಂಗತಿ.

ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಒಪಿಡಿ ಚೀಟಿ ಮಾಡಿಸುವಾಗ ಮನೋವೈದ್ಯ ವಿಭಾಗ ಅಂತ ಹೇಳಿ. ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.