ಯುದ್ಧ ಮುಗಿದ ಮೇಲೆ ಕೇಳಬೇಕಂತೆ

ಈಗಷ್ಟೇ ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಎದ್ದು ಬಂದೆ. ಅಲ್ಲೊಬ್ಬರು ಕೇಳಿದ್ದು ಇಷ್ಟೇ: "ಸತ್ತವರ ಲೆಕ್ಕವನ್ನು ಸರ್ಕಾರ ಯಾಕೆ ಹೇಳುತ್ತಿಲ್ಲ?" ಶುರುವಾಯಿತು ನೋಡಿ. ದ್ರೋಹಿ, ಶತ್ರುವಿನ ಏಜೆಂಟು, ಗಡಿ ದಾಟಿ ಹೋಗು. ಸ್ವಲ್ಪ ಸಭ್ಯರು ಮಾತ್ರ "ಈಗ ಬೇಡ ಸಾರ್, ಯುದ್ಧ ಮುಗಿಯಲಿ, ಆಮೇಲೆ ಕೇಳೋಣ" ಅಂದರು. ನನಗೆ ಬೈದವರಿಗಿಂತ ಈ ಸಭ್ಯರ ಮೇಲೇ ಸಿಟ್ಟು ಜಾಸ್ತಿ. (ಯಾವ ಯುದ್ಧ ಅಂತ ಕೇಳಬೇಡಿ. ಯಾವ ಯುದ್ಧವಾದರೂ ಇದೇ ಮಾತು ಬರುತ್ತದೆ.)

ಆಮೇಲೆ ಅಂದರೆ ಯಾವಾಗ? ಅಮೆರಿಕದ ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್ 1918ರ ಜೂನ್‌ನಲ್ಲಿ ಮೊದಲ ಮಹಾಯುದ್ಧದ ವಿರುದ್ಧ ಒಂದು ಭಾಷಣ ಮಾಡಿದರು. 10 ವರ್ಷ ಶಿಕ್ಷೆಯಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಯುದ್ಧ ನಿಂತಿತು. ಅವರು ಜೈಲಿಗೆ ಹೋಗಿದ್ದು ಯಾವಾಗ ಗೊತ್ತಾ? 1919ರ ಏಪ್ರಿಲ್‌ನಲ್ಲಿ. ಯುದ್ಧ ನಿಂತ ಮೇಲೆ! ಒಳಗಿದ್ದುಕೊಂಡೇ 1920ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು 9 ಲಕ್ಷಕ್ಕೂ ಹೆಚ್ಚು ಮತ ತೆಗೆದುಕೊಂಡರು. ಹೊರಗೆ ಬಂದಿದ್ದು 1921ರ ಕ್ರಿಸ್‌ಮಸ್‌ಗೆ. ಅವರನ್ನು ಒಳಗೆ ಹಾಕಿದ 1917ರ ಬೇಹುಗಾರಿಕೆ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಮುಗಿಯಲಿ ಅಂತೀರಲ್ಲ, ಯಾವುದು ಮುಗಿಯಬೇಕು ಅಂತ ಸ್ವಲ್ಪ ಬಿಡಿಸಿ ಹೇಳಿ.

ಗುಂಪಿನಲ್ಲಿ ಒಬ್ಬ ಬುದ್ಧಿವಂತರು, ಮಾತಿಗೂ ಮಿತಿ ಇರಬೇಕು ಅನ್ನುವುದಕ್ಕೆ, "ತುಂಬಿದ ಥಿಯೇಟರಿನಲ್ಲಿ ಬೆಂಕಿ ಬೆಂಕಿ ಅಂತ ಸುಳ್ಳೇ ಕೂಗಬಹುದಾ?" ಅಂತ ಕೇಳಿದರು. ಈ ಹೋಲಿಕೆ ಕೊಟ್ಟವರು ಅಮೆರಿಕದ ನ್ಯಾಯಮೂರ್ತಿ ಹೋಮ್ಸ್, 1919ರ ಮಾರ್ಚ್‌ನಲ್ಲಿ. ಆ ಕೇಸಿನಲ್ಲಿ ಯಾರೂ ಯಾವ ಬೆಂಕಿಯನ್ನೂ ಕೂಗಿರಲಿಲ್ಲ. ಕಡ್ಡಾಯ ಸೇನಾ ಭರ್ತಿ ಬೇಡ ಅಂತ ಕರಪತ್ರ ಹಂಚಿದ್ದರು, ಅಷ್ಟೇ. ಅದೇ ಹೋಮ್ಸ್ ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಕರಪತ್ರದ ಕೇಸಿನಲ್ಲಿ ಹಂಚಿದವರ ಪರ ನಿಂತು ಭಿನ್ನ ತೀರ್ಪು ಬರೆದರು. ಆ ಅರ್ಧ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಸರಿ, ಗುಟ್ಟು ಅನ್ನುವುದು ಇರಬೇಕು. ಒಪ್ಪಿದೆ. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ ಯುದ್ಧದಲ್ಲಿ, ಗೂಸ್ ಗ್ರೀನ್ ಅನ್ನುವ ಊರಿನ ಮೇಲೆ ಬ್ರಿಟಿಷ್ ಪಡೆ ದಾಳಿ ಮಾಡುವ ಮೊದಲೇ ಬಿಬಿಸಿ ರೇಡಿಯೋ ಅದನ್ನು ಹೇಳಿಬಿಟ್ಟಿತ್ತು. ಅಲ್ಲಿದ್ದ ಸೈನಿಕರು ಕೆಂಡವಾದರು, ಆಗಲೇಬೇಕು. ಪಡೆ ಎಲ್ಲಿದೆ, ಯಾವಾಗ ಹೊರಡುತ್ತದೆ ಅಂತ ಬರೆಯುವವರ ಬಾಯಿ ಮುಚ್ಚಿಸಿ, ನಾನೇ ಸಹಿ ಹಾಕುತ್ತೇನೆ. ಆದರೆ ಎಷ್ಟು ಜನ ಸತ್ತರು ಅಂತ ಕೇಳಿದರೆ ಯಾವ ಪಡೆಯ ಜಾಗ ಗೊತ್ತಾಗುತ್ತದೆ? ಗುಟ್ಟಿನ ಹೆಸರಿನಲ್ಲಿ ಮುಚ್ಚಿಡುವುದು ಜಾಸ್ತಿ ಸಲ ನಾಚಿಕೆಯನ್ನೇ. ರಷ್ಯಾದಲ್ಲಿ 2022ರ ಮಾರ್ಚ್‌ನಲ್ಲಿ ಬಂದ ಕಾನೂನು ನೋಡಿ: ಸೇನೆಯ ಬಗ್ಗೆ 'ಸುಳ್ಳು' ಹೇಳಿದರೆ 15 ವರ್ಷದವರೆಗೆ ಜೈಲು. ಮಾಸ್ಕೋದ ಕೌನ್ಸಿಲರ್ ಅಲೆಕ್ಸಿ ಗೋರಿನೋವ್ ಯಾವ ಗುಟ್ಟು ಬಿಟ್ಟುಕೊಟ್ಟರು? ಉಕ್ರೇನ್‌ನಲ್ಲಿ ಮಕ್ಕಳು ಸಾಯುತ್ತಿರುವಾಗ ಇಲ್ಲಿ ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ ಯಾಕೆ ಅಂದರು. 7 ವರ್ಷ ಬಿತ್ತು.

ನನ್ನ ಮನೆಯಲ್ಲೂ ಸಮವಸ್ತ್ರ ಹಾಕಿದವರಿದ್ದಾರೆ, ಗೊತ್ತಿರುವವರಿಗೆ ಗೊತ್ತು. ಅದನ್ನು ಹೇಳಿಕೊಂಡು ಸರ್ಟಿಫಿಕೇಟ್ ಕೇಳಬಾರದು ಅಂದುಕೊಂಡಿದ್ದೆ, ಈಗ ಹೇಳಿಬಿಟ್ಟೆ. ಹೋಗಲಿ ಬಿಡಿ. ಫೋನ್ ರಿಂಗಾದರೆ ಎದೆ ಧಸಕ್ ಅನ್ನುವ ಮನೆಗಳಿಗೇ ಲೆಕ್ಕ ಬೇಕಾಗಿರುವುದು. ಸೋಫಾದಲ್ಲಿ ಕೂತು ಯುದ್ಧ ಗೆಲ್ಲುವವರಿಗೆ ಅಲ್ಲ.

ಯುದ್ಧದ ನಡುವೆ ಪ್ರಶ್ನೆ ಕೇಳಿದರೆ ದೇಶ ಸೋಲುತ್ತದಂತೆ. 1940ರ ಮೇ ತಿಂಗಳಲ್ಲಿ ನಾರ್ವೆಯಲ್ಲಿ ಬ್ರಿಟನ್ ಪೆಟ್ಟು ತಿಂದಾಗ ಪ್ರಧಾನಿ ಚೇಂಬರ್ಲೇನ್ ಅವರನ್ನು ಸಂಸತ್ತಿನಲ್ಲಿ ಸ್ವಂತ ಪಕ್ಷದವರೇ ಎಳೆದಾಡಿದರು. ಎರಡು ದಿನ ಚರ್ಚೆ. ಮತದಲ್ಲಿ ಗೆದ್ದರೂ ಅವರು ಕುರ್ಚಿ ಬಿಡಬೇಕಾಯಿತು, ಚರ್ಚಿಲ್ ಬಂದರು. ಸೋತಿತಾ ಬ್ರಿಟನ್? 1962ರಲ್ಲಿ ಚೀನಾ ಜೊತೆ ಯುದ್ಧ ನಡೆಯುತ್ತಿರುವಾಗಲೇ ವಾಜಪೇಯಿ ಅಧಿವೇಶನ ಕರೆಯಿರಿ ಅಂದರು. ನವೆಂಬರ್ 8ರಂದು ಸಂಸತ್ತು ಸೇರಿತು, ನೆಹರೂ ಕೂತು ಬೈಗುಳ ಕೇಳಿಸಿಕೊಂಡರು. ಆಗ ಅವರು "ಆಮೇಲೆ ನೋಡೋಣ" ಅನ್ನಲಿಲ್ಲ.

ನನ್ನನ್ನು ಬೈಯುವವರು ಕೆಳಗೆ ಧಾರಾಳವಾಗಿ ಬೈಯಬಹುದು, ಒಂದನ್ನೂ ಅಳಿಸುವುದಿಲ್ಲ. ಇನ್‌ಬಾಕ್ಸಿಗೆ ಬಂದು ಮನೆಯವರ ಸುದ್ದಿ ಎತ್ತಿದರೆ ಮಾತ್ರ ಬ್ಲಾಕ್.