ಕ್ರಿಯಾಟಿನಿನ್ ನಾರ್ಮಲ್ ಅಂದ್ರೆ ಎಲ್ಲಾ ಸರಿ ಅಂತಲ್ಲ

ಕಿಡ್ನಿ ಕಾಯಿಲೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಸೋಸುತ್ತಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಅಂಶ) ಎಷ್ಟಿದೆ? ಆಮೇಲೆ ಉಪ್ಪು, ನೀರು, ಪಥ್ಯ. ರಕ್ತ ಹೆಪ್ಪುಗಟ್ಟುವ ಅಪಾಯದ ಮಾತು ಬರುವುದೇ ಕಡಿಮೆ. ನನಗೆ ಇದು ದೊಡ್ಡ ಲೋಪ ಅನಿಸುತ್ತದೆ.

ಅದರಲ್ಲೂ ನೆಫ್ರೋಟಿಕ್ ಸಿಂಡ್ರೋಮ್, ಅಂದ್ರೆ ಕಿಡ್ನಿಯ ಜರಡಿ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರುವ ತೊಂದರೆ ಇರುವವರ ವಿಷಯದಲ್ಲಿ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರಿಹೋಗುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ, ಆದರೆ ಅದರ ಜೊತೆಗೇ ರಕ್ತ ಬೇಡದ ಕಡೆ ಗಟ್ಟಿಯಾಗದಂತೆ ನೋಡಿಕೊಳ್ಳುವ ಆಂಟಿಥ್ರಾಂಬಿನ್ ಕೂಡ ಸೋರುತ್ತದೆ, ಇತ್ತ ಲಿವರ್ ಹೋದದ್ದನ್ನು ತುಂಬಿಸುವ ಭರದಲ್ಲಿ ಹೆಪ್ಪು ಕಟ್ಟಿಸುವ ಫೈಬ್ರಿನೋಜೆನ್ ಅನ್ನೂ ಜಾಸ್ತಿ ಮಾಡುತ್ತದೆ. ಊತ ಇಳಿಸುವ ಮಾತ್ರೆ ಅತಿಯಾದರೆ ರಕ್ತ ಇನ್ನೂ ಮಂದವಾಗುತ್ತದೆ. ಇಷ್ಟೆಲ್ಲಾ ಆಗುವಾಗಲೂ ಕ್ರಿಯಾಟಿನಿನ್ ನಾರ್ಮಲ್ ಇರಬಹುದು! ಇಲ್ಲಿ ನೋಡಬೇಕಾದದ್ದು ರಕ್ತದ ಆಲ್ಬುಮಿನ್. ಅದು 2.5 g/dLಗಿಂತ ಕೆಳಗಿಳಿದರೆ ಅಪಾಯ ಏರುತ್ತದೆ, ಮೆಂಬ್ರೇನಸ್ ನೆಫ್ರೋಪತಿ ಅನ್ನುವ ಬಗೆಯಲ್ಲಂತೂ ಇನ್ನೂ ಜಾಸ್ತಿ.

ಕಷ್ಟ ಏನಂದ್ರೆ, ಇವರ ಕಾಲು ಮೊದಲೇ ಊದಿರುತ್ತದೆ. ಕಿಡ್ನಿಯ ಊತ ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ. ಒಂದೇ ಕಾಲು ಜಾಸ್ತಿ ಊದಿ, ಮೀನಖಂಡ ನೋಯುತ್ತಿದ್ದರೆ ಅದನ್ನೂ ಕಿಡ್ನಿಯ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ದಿಢೀರ್ ಉಸಿರುಕಟ್ಟಿದರೆ, ಎದೆ ನೋವು ಬಂದರೆ ನೇರ ಎಮರ್ಜೆನ್ಸಿಗೆ ಹೋಗಿ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಕಿಡ್ನಿಯ ರಕ್ತನಾಳದಲ್ಲೇ ಹೆಪ್ಪು ಕಟ್ಟುವುದೂ ಉಂಟು, ಆಗ ಪಕ್ಕೆ ನೋವು, ಮೂತ್ರದಲ್ಲಿ ರಕ್ತ ಬರಬಹುದು. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ.

ಹಾಗಾದ್ರೆ ಎಲ್ಲರೂ ರಕ್ತ ತೆಳು ಮಾಡುವ ಮಾತ್ರೆ ನುಂಗಿಬಿಡೋಣ ಅಂದ್ರೆ ಅದೂ ಆಗದು. ಕಿಡ್ನಿ ತೀರಾ ಕೈಕೊಟ್ಟಾಗ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ರಕ್ತಸ್ರಾವವೂ ಸುಲಭವಾಗಿ ಆಗುತ್ತದೆ. ಒಂದೇ ದೇಹದಲ್ಲಿ ಎರಡೂ ಅಪಾಯ! ಮೇಲಾಗಿ ರಕ್ತ ತೆಳು ಮಾಡುವ ಡಾಬಿಗಾಟ್ರಾನ್ ಮಾತ್ರೆ ಸುಮಾರು 80% ಕಿಡ್ನಿಯ ಮೂಲಕವೇ ಹೊರಹೋಗಬೇಕು, ಅದೇ ಕೆಲಸದ ಎನಾಕ್ಸಪಾರಿನ್ ಇಂಜೆಕ್ಷನ್ನಿನ ಡೋಸ್ ಕೂಡ ಕಿಡ್ನಿ ನೋಡಿಯೇ ಇಳಿಸಬೇಕಾಗುತ್ತದೆ. ಪರಿಚಯದವರಿಗೆ ಕೊಟ್ಟ ಮಾತ್ರೆ ನಿಮಗೂ ಆಗುತ್ತದೆ ಅನ್ನುವ ಧೈರ್ಯ ಬೇಡ. ನಿಮ್ಮ ನೆಫ್ರಾಲಜಿಸ್ಟ್ ಹತ್ತಿರ ನೇರವಾಗಿ ಕೇಳಿ, ನನ್ನ ಆಲ್ಬುಮಿನ್ ಎಷ್ಟಿದೆ, ಹೆಪ್ಪುಗಟ್ಟುವ ಭಯ ಇದೆಯಾ ಅಂತ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರ್ ಇದ್ದರೆ ಮಾಡಿಕೊಳ್ಳಲಿ ಬಿಡಿ.

ಡಯಾಲಿಸಿಸ್ ಮಾಡಿಸುವವರಿಗೆ ಇನ್ನೊಂದು ಮಾತು. ಕೈಯ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಮೇಲೆ ದಿನಾ ಬೆರಳಿಟ್ಟು ಆ ಕಂಪನ ಇದೆಯಾ ನೋಡಿಕೊಳ್ಳಿ. ಕಂಪನ ನಿಂತಿದ್ದರೆ ಅಲ್ಲೂ ಹೆಪ್ಪು ಕಟ್ಟಿರಬಹುದು. ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ವಾ ಅನ್ನದೆ ತಕ್ಷಣ ಫೋನ್ ಮಾಡಿ, ತಡವಾದಷ್ಟೂ ಅದನ್ನು ಉಳಿಸಿಕೊಳ್ಳುವುದು ಕಷ್ಟ.